ಎರಡನೇ ಪಾಳಿಯ ಪ್ರಕಾಶ

ಮೊನ್ನೆ ಮೆಟ್ರೋದಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ಯಾವುದೋ ಅರ್ಜಿ ತುಂಬಬೇಕು, ಒಂದು ಪೆನ್ನು ಕೊಡ್ತೀರಾ ಆಂಟಿ ಎಂದು ಕೇಳಿದಳು. ಬ್ಯಾಗಿಗೆ ಕೈ ಹಾಕಿದೆ. ಮೊದಲು ಸಿಕ್ಕಿದ್ದು ನೀಲಿ ಜೆಲ್ ಪೆನ್ನು. ಅದನ್ನು ವಾಪಸ್ ಒಳಗೆ ಹಾಕಿ, ತಳದವರೆಗೆ ತಡಕಿ, ಕಪ್ಪು ಪೆನ್ನು ತೆಗೆದುಕೊಟ್ಟೆ. ಅವಳು ನೋಡುತ್ತಲೇ ಇದ್ದಳು. ನನಗೆ ಸಂಕೋಚವಾಗಿ, "ಅದು ನಂದಲ್ಲಮ್ಮ, ಪ್ರಕಾಶ್‌ದು" ಎಂದುಬಿಟ್ಟೆ. ಹೇಳಿದ ಮೇಲೆ ಪಿಚ್ಚೆನಿಸಿತು. ಯಾಕೆಂದರೆ ಪ್ರಕಾಶ ಎಂಬ ಮನುಷ್ಯ ಇಲ್ಲ. ಯಾವತ್ತೂ ಇರಲಿಲ್ಲ. ಆರು ವರ್ಷ ಅವನ ಸಹಿ ಹಾಕಿದವಳು, ಅವನ ರಜೆ ಅರ್ಜಿ ಬರೆದವಳು, ಆಯುಧಪೂಜೆಯ ದಿನ ಅವನ ಹೆಸರಿನ ಸ್ವೀಟ್ ಬಾಕ್ಸನ್ನು ಮನೆಗೆ ತಂದು ತಿಂದವಳು ನಾನೇ.

ಇದನ್ನು ಓದುತ್ತಿರುವವರಲ್ಲಿ ಆಡಿಟರುಗಳು ಯಾರಾದರೂ ಇದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ ಬೇರೆ ಪುಟಕ್ಕೆ ಹೋಗಿ. ಉಳಿದವರು ಸ್ವಲ್ಪ ಹತ್ತಿರ ಬನ್ನಿ, ಹೇಳುತ್ತೇನೆ.

ನನ್ನ ಹೆಸರು ಗಿರಿಜಾ. ಪೀಣ್ಯದ ಒಂದು ಸಣ್ಣ ಪ್ಲೇಟಿಂಗ್ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಕಬ್ಬಿಣದ ಕ್ಲಾಂಪುಗಳನ್ನು ತೊಟ್ಟಿಯಲ್ಲಿ ಮುಳುಗಿಸಿ ಸತುವಿನ ತೆಳುವಾದ ಲೇಪ ಕೊಡುವುದು ನಮ್ಮ ಕೆಲಸ, ತುಕ್ಕು ಹಿಡಿಯದಿರಲಿ ಎಂದು. ಬಸ್ಸಿನಲ್ಲಿ ಸೀಟಿನ ಕಾಲನ್ನು ನೆಲಕ್ಕೆ ಹಿಡಿದಿಡುವುದು ಆ ಕ್ಲಾಂಪೇ. ನೀವು ಅದನ್ನು ನೋಡಿರಲಾರಿರಿ, ಆದರೆ ಅದನ್ನು ನಂಬಿ ಕೂತಿರುತ್ತೀರಿ. ನಾವು ಒಟ್ಟು ಹತ್ತೊಂಬತ್ತು ಜನ. ಯಜಮಾನರು ರುದ್ರಮುನಿ ಸಾರ್, ದಾವಣಗೆರೆ ಕಡೆಯವರು, ಹಣೆಯ ವಿಭೂತಿ ಸಂಜೆಯವರೆಗೂ ಅಳಿಸದಂತೆ ಬೆವರನ್ನು ಕೂಡ ಎಚ್ಚರದಿಂದ ಒರೆಸಿಕೊಳ್ಳುವವರು. ತೊಟ್ಟಿಯ ಕೆಲಸ ಯಲ್ಲಪ್ಪನದು, ಕುಷ್ಟಗಿಯವನು. ಆಮ್ಲದ ಹಬೆಯಲ್ಲಿ ನಿಂತೂ ನಿಂತೂ ಅವನ ಮೂಗಿಗೆ ಈಗ ಯಾವ ವಾಸನೆಯೂ ತಿಳಿಯುವುದಿಲ್ಲ. ಹೆಂಡತಿ ಸಾರು ಸೀಯಿಸಿದರೂ ಹೊಗಳಿ ಉಣ್ಣುತ್ತಾನೆ, ಸಂಸಾರ ಸುಖವಾಗಿದೆ. ಪ್ಯಾಕಿಂಗ್ ಕಸ್ತೂರವ್ವನದು. ಇಳಕಲ್ ಕಡೆಯವಳು, ಐವತ್ತರ ಹತ್ತಿರದವಳು. ಒಂದೊಂದು ಕ್ಲಾಂಪನ್ನೂ ಹಳೇ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ಇಡುತ್ತಾಳೆ.

ಪ್ರಕಾಶ ಹುಟ್ಟಿದ್ದು ಹೀಗೆ. ದೊಡ್ಡನೆಕ್ಕುಂದಿಯಲ್ಲಿ ನಮ್ಮ ದೊಡ್ಡ ಗಿರಾಕಿ ಕಂಪನಿಯಿದೆ. ನಮ್ಮ ಮುಕ್ಕಾಲು ಭಾಗ ಮಾಲು ಹೋಗುವುದು ಅಲ್ಲಿಗೆ. ಆರು ವರ್ಷದ ಹಿಂದೆ ಅವರು ಒಂದು ನಿಯಮ ಕಳಿಸಿದರು: ಪ್ರತಿ ಪಾಳಿಯ ಮಾಲನ್ನೂ ಆಯಾ ಪಾಳಿಯ ಇನ್‌ಸ್ಪೆಕ್ಟರೇ ನೋಡಿ ಸಹಿ ಮಾಡಬೇಕು. ನಮ್ಮಲ್ಲಿ ಪಾಳಿ ಎರಡು, ಇನ್‌ಸ್ಪೆಕ್ಟರ್ ಒಬ್ಬಳು. ಎರಡನೇ ಪಾಳಿಯ ಮಾಲನ್ನು ಮರುದಿನ ಬೆಳಿಗ್ಗೆ ಬಂದು ನಾನೇ ನೋಡುತ್ತಿದ್ದೆ. ರುದ್ರಮುನಿ ಸಾರ್ ಕಾಗದ ಓದಿ, ಸದ್ಯಕ್ಕೆ ಒಂದು ಹೆಸರು ಹಾಕಮ್ಮ, ಆಮೇಲೆ ಮನುಷ್ಯನನ್ನು ತರೋಣ ಎಂದರು. ಸದ್ಯಕ್ಕೆ ಎಂಬುದು ಪೀಣ್ಯದಲ್ಲಿ ಬಹಳ ಉದ್ದನೆಯ ಕಾಲ. ಎದುರಿಗಿದ್ದ ಹಾರ್ಡ್‌ವೇರ್ ಅಂಗಡಿಯ ಕ್ಯಾಲೆಂಡರಿನಲ್ಲಿ ಪ್ರಕಾಶ ಎಂದಿತ್ತು. ಅದನ್ನೇ ಬರೆದೆ. ನನ್ನ ಅಕ್ಷರ ನೆಟ್ಟಗಿರುತ್ತದೆ, ಆದ್ದರಿಂದ ಅವನ ಅಕ್ಷರವನ್ನು ಎಡಕ್ಕೆ ವಾಲಿಸಿದೆ. ನನಗೆ ಕಪ್ಪು ಪೆನ್ನು, ಅವನಿಗೆ ನೀಲಿ. ವರ್ಷಕ್ಕೊಂದು ತರಬೇತಿ ಪರೀಕ್ಷೆಯ ದಾಖಲೆ ಇಡಬೇಕು. ಅದರಲ್ಲಿ ನನಗೆ ಹತ್ತಕ್ಕೆ ಒಂಬತ್ತು, ಅವನಿಗೆ ಏಳು ಹಾಕಿದೆ. ಇಲ್ಲದ ಮನುಷ್ಯನಿಗೂ ನನಗಿಂತ ಹೆಚ್ಚು ಅಂಕ ಕೊಡಲು ಮನಸ್ಸು ಬರಲಿಲ್ಲ, ನನ್ನ ಸ್ವಭಾವ ನೋಡಿ.

ಕೆಲವು ತಿಂಗಳಲ್ಲೇ ಪ್ರಕಾಶನಿಗೆ ತನ್ನದೇ ಒಂದು ಗುಣ ಬಂತು. ನಾನು ಕೈಯಲ್ಲಿ ಕಪ್ಪು ಪೆನ್ನು ಹಿಡಿದರೆ ಕಟುಕಿ. ಲಾಟ್ ಎಂದರೆ ಒಂದು ಸಲಕ್ಕೆ ತಯಾರಾದ ಮಾಲಿನ ರಾಶಿ. ಅದರಲ್ಲಿ ಐದು ಕ್ಲಾಂಪು ಎತ್ತಿ ನೋಡಬೇಕು, ಒಂದರ ಬಾಗಿದ ಒಳಮೂಲೆಯಲ್ಲಿ ಲೇಪ ಕೂರದೆ ಕಪ್ಪು ಉಳಿದಿದ್ದರೂ ಇಡೀ ರಾಶಿಯನ್ನು ವಾಪಸ್ ಕಳಿಸುತ್ತಿದ್ದೆ. ನೀಲಿ ಪೆನ್ನು ಹಿಡಿದರೆ ಹಾಗಲ್ಲ. ಬೆಳಿಗ್ಗೆ ಲಾರಿ ಬಾಗಿಲಲ್ಲಿ ನಿಂತಿರುತ್ತದೆ, ಡ್ರೈವರ್ ಹಾರ್ನ್ ಮಾಡುತ್ತಿರುತ್ತಾನೆ. ಪ್ಯಾಕಿಂಗಿಗೆ ಹೋಗಬೇಕಾದ ರಾಶಿಯ ಮೇಲಿನ ಸಾಲಿನಲ್ಲೊಮ್ಮೆ ಕಣ್ಣಾಡಿಸಿ ಪ್ರಕಾಶ ಸಹಿ ಹಾಕುತ್ತಿದ್ದ. ಒಳಮೂಲೆಯಲ್ಲಿ ಕಪ್ಪು ಕಂಡರೂ, ಇರಲಿ ಬಿಡು, ಸೀಟಿನ ಕೆಳಗೆ ಯಾರು ಬಗ್ಗಿ ನೋಡ್ತಾರೆ ಅನ್ನುತ್ತಿದ್ದ. ಆರು ವರ್ಷದಲ್ಲಿ ಒಂದು ಲಾಟನ್ನೂ ಅವನು ಬೇಡ ಅನ್ನಲಿಲ್ಲ. ನನಗೂ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು, ಯಾಕೆಂದರೆ ಸಹಿ ಹಾಕಿದ್ದು ಪ್ರಕಾಶ.

ಚಿಕ್ಕಂದಿನಿಂದಲೂ ನನಗೆ ಈ ಚಾಳಿ ಇದೆ. ರಾಣೆಬೆನ್ನೂರಿನ ಮನೆಯಲ್ಲಿ ಬೆಲ್ಲದ ಡಬ್ಬಿ ಖಾಲಿಯಾದಾಗೆಲ್ಲ ಸರೋಜ ಬಂದಿದ್ದಳು ಅನ್ನುತ್ತಿದ್ದೆ. ಸರೋಜ ಎಂಬ ಹುಡುಗಿ ನಮ್ಮ ಬೀದಿಯಲ್ಲೇ ಇರಲಿಲ್ಲ. ಅವ್ವ ಬೈಯಲಿಲ್ಲ. ಒಂದು ದಿನ ಎರಡು ತಟ್ಟೆ ಇಟ್ಟು, ಎರಡಕ್ಕೂ ರೊಟ್ಟಿ, ಹಾಗಲಕಾಯಿ ಪಲ್ಯ ಬಡಿಸಿ, ಪಾಪ ಸರೋಜ ದಿನಾ ಬರೀ ಬೆಲ್ಲ ತಿಂದು ಹೋಗುತ್ತಾಳೆ, ಇವತ್ತು ಊಟ ಮಾಡಲಿ ಎಂದಳು. ಸರೋಜ ಬಾರದಿದ್ದರೆ ಅವಳ ಪಾಲನ್ನೂ ನಾನೇ ತಿನ್ನಬೇಕೆಂದು ತೀರ್ಮಾನವಾಯಿತು. ಎರಡು ತಟ್ಟೆ ಹಾಗಲಕಾಯಿ ತಿಂದ ಮೇಲೆ ಸರೋಜ ಊರು ಬಿಟ್ಟಳು. ರುದ್ರಮುನಿ ಸಾರ್ ಜಾಗದಲ್ಲಿ ಅವ್ವ ಇದ್ದಿದ್ದರೆ ಪ್ರಕಾಶನೂ ಒಂದೇ ದಿನದಲ್ಲಿ ಹೋಗುತ್ತಿದ್ದ.

ಇನ್ನು ಕಾದಂಬರಿಯ ವಿಷಯ. ಪ್ಯಾಕಿಂಗಿಗೆಂದು ನಾವು ರದ್ದಿ ಪೇಪರ್ ತರಿಸುತ್ತೇವೆ. ಒಂದು ದಿನ ಕಸ್ತೂರವ್ವ ಆ ರಾಶಿಯಿಂದ ಒಂದು ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದು, ಹರಿಯಲು ಮನಸ್ಸಾಗುತ್ತಿಲ್ಲ, ನಿಮಗೆ ಓದಲು ಬರುತ್ತದಲ್ಲ, ತಗೊಳ್ಳಿ ಎಂದು ಕೊಟ್ಟಳು. ಮನಸ್ಸಾಗದಿರುವುದು ಅವಳಿಗೆ ಹೊಳೆಯುವ ಹೊತ್ತಿಗೆ ರಟ್ಟೂ ಮೊದಲ ಹಾಳೆಗಳೂ ಕ್ಲಾಂಪು ಸುತ್ತಿಕೊಂಡು ದೊಡ್ಡನೆಕ್ಕುಂದಿಗೆ ಹೋಗಿಯಾಗಿತ್ತು. ಹೀಗಾಗಿ ಪುಸ್ತಕದ ಹೆಸರಾಗಲಿ ಬರೆದವರ ಹೆಸರಾಗಲಿ ನನಗೆ ಗೊತ್ತಿಲ್ಲ. ಬಹಳ ಹಳೆಯದು, ಬಹಳ ಪ್ರಸಿದ್ಧವಾದದ್ದು, ಓದಿದವರು ಹೆದರುತ್ತಾರೆ ಎಂದು ಆಮೇಲೆ ಯಾರೋ ಹೇಳಿದರು.

ನನ್ನ ಮನೆ ಕಾಡುಗೋಡಿಯಲ್ಲಿ. ನಮ್ಮವರು ವೈಟ್‌ಫೀಲ್ಡಿನ ಒಂದು ಆಫೀಸ್ ಕಟ್ಟಡದಲ್ಲಿ ಲಿಫ್ಟು, ಜನರೇಟರು ನೋಡಿಕೊಳ್ಳುತ್ತಾರೆ. ಅವರ ಕೆಲಸ ಊರಿನ ಆ ತುದಿ, ನನ್ನದು ಈ ತುದಿ. ಮದುವೆಯಾದ ಹೊಸತರಲ್ಲಿ ಯಾರ ಕೆಲಸದ ಹತ್ತಿರ ಮನೆ ಮಾಡುವುದು ಎಂದು ಜಗಳವಾಗಿ ನಾನು ಸೋತೆ. ಮೆಟ್ರೋದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು, ಅಲ್ಲಿ ಇನ್ನೊಂದು ಗಾಡಿ ಹಿಡಿದು ಪೀಣ್ಯಕ್ಕೆ ಹೋಗಬೇಕು. ಹತ್ತುವುದು ಕೊನೇ ಸ್ಟೇಷನ್ನಿನಲ್ಲಾದ್ದರಿಂದ ಸೀಟು ಖಾತ್ರಿ. ಕಾದಂಬರಿ ಓದಲು ಇದಕ್ಕಿಂತ ಒಳ್ಳೆಯ ಏರ್ಪಾಟನ್ನು ಯಾವ ಸರ್ಕಾರವೂ ಮಾಡಿಕೊಡಲಾರದು.

ಕತೆ ಇಷ್ಟು. ಒಬ್ಬ ಮರ್ಯಾದಸ್ಥ ಡಾಕ್ಟರು. ತನ್ನೊಳಗೆ ಒಬ್ಬ ಒಳ್ಳೆಯವನೂ ಒಬ್ಬ ಕೆಟ್ಟವನೂ ಸೇರಿಕೊಂಡು ಇಬ್ಬರಿಗೂ ನೆಮ್ಮದಿಯಿಲ್ಲ, ಬೇರೆ ಮಾಡಿಬಿಟ್ಟರೆ ವಾಸಿ ಎಂದು ಅವನಿಗೆ ಅನ್ನಿಸುತ್ತದೆ. ಒಂದು ಔಷಧಿ ಕಂಡುಹಿಡಿಯುತ್ತಾನೆ. ಕುಡಿದರೆ ಕುಳ್ಳನೆಯ ಕ್ರೂರಿ, ಇನ್ನೊಮ್ಮೆ ಕುಡಿದರೆ ಮತ್ತೆ ಡಾಕ್ಟರು. ಮಾಡುವುದನ್ನೆಲ್ಲ ಆ ಕುಳ್ಳ ಮಾಡುತ್ತಾನೆ, ಡಾಕ್ಟರು ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಾನೆ. ಕೊನೆಗೆ ಔಷಧಿ ತೀರುತ್ತದೆ. ಹೊಸದಾಗಿ ಉಪ್ಪು ತರಿಸಿ ಕಲಸುತ್ತಾನೆ, ಕೆಲಸ ಮಾಡುವುದಿಲ್ಲ. ಊರಿನ ಅಂಗಡಿಗಳನ್ನೆಲ್ಲ ಜಾಲಾಡಿಸುತ್ತಾನೆ, ಆಗುವುದಿಲ್ಲ. ಆಗ ಅವನಿಗೆ ಹೊಳೆಯುತ್ತದೆ: ಮೊದಲ ಸಲ ತಂದ ಉಪ್ಪಿನಲ್ಲೇ ಏನೋ ಕಲಬೆರಕೆಯಿತ್ತು, ಔಷಧಿ ನಡೆದದ್ದೇ ಆ ಕಲಬೆರಕೆಯಿಂದ.

ಓದಿದವರು ಎಲ್ಲಿ ಹೆದರುತ್ತಾರೋ ನನಗೆ ಗೊತ್ತಿಲ್ಲ. ನಾನು ಹೆದರಿದ್ದು ಇಲ್ಲಿ. ಇಂದಿರಾನಗರ ದಾಟುತ್ತಿತ್ತು ಗಾಡಿ, "ಒಂದು ಸ್ಪೂನ್ ಸ್ಯಾಂಪಲ್ ಎತ್ತಿಡೋಕೇನಾಗಿತ್ತು ನಿಂಗೆ" ಎಂದು ಜೋರಾಗಿಯೇ ಅಂದುಬಿಟ್ಟೆ. ಕೊರಳಲ್ಲಿ ಐಡಿ ಕಾರ್ಡ್ ತೂಗಿಸಿಕೊಂಡಿದ್ದ ಒಬ್ಬರು ಎದ್ದು ನಿಂತು ನೀರಿನ ಬಾಟಲಿ ಕೊಟ್ಟರು. ನಾನು ಹೀಗಾಗಲು ನಮ್ಮಪ್ಪ ಕಾರಣ. ಅಪ್ಪ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಜ್ವರಕ್ಕೂ ಕೆಮ್ಮಿಗೂ ಹೊಟ್ಟೆನೋವಿಗೂ ಒಂದೇ ಗುಲಾಬಿ ಬಣ್ಣದ ನೀರು. ಬಾಟಲಿಗೆ ಅಂಟಿಸುವ ಕತ್ತರಿಸಿದ ಕಾಗದದ ಪಟ್ಟಿ ಮಾತ್ರ ಬೇರೆ. ಆದರೆ ಆ ಗುಲಾಬಿ ಬಣ್ಣ ಇವತ್ತಿಗೂ ನಾಳೆಗೂ ಕೂದಲೆಳೆಯಷ್ಟೂ ಬದಲಾಗಬಾರದು. ಹೊಸ ಜಾಡಿ ತೆರೆದರೆ ಹಳೆಯದರಲ್ಲಿ ಒಂದು ಔನ್ಸ್ ಉಳಿಸಿ, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹೋಲಿಸಿ ನೋಡುತ್ತಿದ್ದರು. ಅಂಥವರ ಮಗಳು ನಾನು. ಮನುಷ್ಯ ಮೃಗವಾಗುವುದನ್ನು ಕ್ಷಮಿಸಬಲ್ಲೆ, ಸ್ಯಾಂಪಲ್ ಇಡದವನನ್ನು ಕ್ಷಮಿಸಲಾರೆ.

ಮಧ್ಯಾಹ್ನದ ಊಟದ ಹೊತ್ತಿಗೆ ಅಷ್ಟಷ್ಟು ಕತೆಯನ್ನು ಕಸ್ತೂರವ್ವನಿಗೂ ಯಲ್ಲಪ್ಪನಿಗೂ ಹೇಳುತ್ತಿದ್ದೆ. ಡಾಕ್ಟರಿಗೆ ಹೆಂಡತಿ ಇದ್ದಳೇ ಎಂಬುದು ಕಸ್ತೂರವ್ವನ ಮೊದಲ ಪ್ರಶ್ನೆ. ಇಲ್ಲ ಎಂದೆ. ಅದಕ್ಕೇ ಹಾಗಾಗಿದೆ ಎಂದು ಅವಳು ಕತೆಯನ್ನು ಅಲ್ಲಿಗೇ ಮುಗಿಸಲು ನೋಡಿದಳು. ಯಲ್ಲಪ್ಪನ ತಕರಾರು ಬಟ್ಟೆಯದು. ಡಾಕ್ಟರು ಎತ್ತರ, ಇನ್ನೊಬ್ಬ ಕುಳ್ಳ, ಹಾಗಾದರೆ ಪ್ಯಾಂಟನ್ನು ದಿನಾ ಮಡಚಿಕೊಳ್ಳುತ್ತಿದ್ದನೇ ಎಂದು ಎರಡು ದಿನ ಯೋಚಿಸಿದ. ಮೂರನೇ ದಿನ ರೊಟ್ಟಿ ಮುರಿಯುತ್ತ, "ಎರಡೂ ಅವನಽ ಅಂದಮ್ಯಾಲೆ ಔಷಧಿ ಯಾಕ ಬೇಕಿತ್ರೀ ಮೇಡಂ? ನಮ್ಮ ಪ್ರಕಾಶಪ್ಪಗ ಏನ್ ಔಷಧಿ ಕೊಡ್ತೀರಿ ನೀವು" ಎಂದ.

ನಾನು ನಕ್ಕೆ. ಆದರೆ ಆವತ್ತು ಸಂಜೆ ವಾಪಸ್ ಹೋಗುವಾಗ ಮತ್ತೆ ತಿರುವಿ ಓದಿದ ಪುಟ ನಗುವಂಥದ್ದಾಗಿರಲಿಲ್ಲ. ಅದರಲ್ಲಿ ಆ ಕುಳ್ಳ ಬರೆದ ಒಂದು ಕಾಗದವನ್ನೂ ಡಾಕ್ಟರು ಬರೆದ ಕಾಗದವನ್ನೂ ಕೈಬರಹ ಪರೀಕ್ಷಿಸಬಲ್ಲವನೊಬ್ಬ ಅಕ್ಕಪಕ್ಕ ಇಟ್ಟು ನೋಡುತ್ತಾನೆ. ಎರಡೂ ಒಂದೇ ಕೈ, ವಾಲಿರುವುದು ಮಾತ್ರ ಬೇರೆ ಅನ್ನುತ್ತಾನೆ. ಪುಸ್ತಕ ಮುಚ್ಚಿದೆ. ಬ್ಯಾಗಿನಲ್ಲಿ ನೀಲಿ ಪೆನ್ನು ಇತ್ತು. ಸಾವಿರಾರು ಮೈಲಿ ದೂರದಲ್ಲಿ, ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ, ಯಾರೋ ನನ್ನ ಉಪಾಯವನ್ನು ಕಂಡುಹಿಡಿದು, ಅದು ಸಿಕ್ಕಿಬೀಳುವ ಬಗೆಯನ್ನೂ ಬರೆದಿಟ್ಟಿದ್ದರು.

ಅದೇ ವಾರ ಇನ್ನೊಂದಾಯಿತು. ಮಗಳ ಶಾಲೆಯ ಡೈರಿಗೆ ದಿನಾ ಸಹಿ ಮಾಡುವವಳು ನಾನು. ಟೀಚರು ಮಗಳ ಕೈಲಿ ಹೇಳಿ ಕಳಿಸಿದರು, ಈ ಸಹಿ ಯಾರದು ಎಂದು. ನೋಡಿದರೆ ಎಡಕ್ಕೆ ವಾಲಿದ ಅಕ್ಷರ. ಕಾದಂಬರಿಯ ಡಾಕ್ಟರು ಒಂದು ಬೆಳಿಗ್ಗೆ ಔಷಧಿ ಕುಡಿಯದೆಯೇ ಇನ್ನೊಬ್ಬನಾಗಿ ಎದ್ದಂತೆ, ನನ್ನ ಅಡುಗೆಮನೆಯಲ್ಲಿ, ಒಲೆಯ ಮೇಲೆ ಅವಲಕ್ಕಿ ಇರುವಾಗ, ಯಾರೂ ಕರೆಯದೆ ಪ್ರಕಾಶ ಬಂದು ನನ್ನ ಮಗಳ ಡೈರಿಗೆ ಸಹಿ ಮಾಡಿ ಹೋಗಿದ್ದ. ನಮ್ಮವರು ಅದನ್ನು ನೋಡಿ, ಇವನೇನಾ ನಿಮ್ಮ ಪ್ರಕಾಶ, ಕೈಬರಹ ಪರವಾಗಿಲ್ಲ ಎಂದರು.

ಡಾಕ್ಟರು ಒಂದು ಹಂತದಲ್ಲಿ ಇನ್ನು ಔಷಧಿ ಮುಟ್ಟುವುದಿಲ್ಲ ಎಂದು ಶಪಥ ಮಾಡುತ್ತಾನೆ. ನಾನೂ ಮಾಡಿದೆ. ಪ್ರಕಾಶನಿಗೆ ಕಾಮಾಲೆ ಎಂದು ರಜೆ ಅರ್ಜಿ ಬರೆದು, ಎರಡನೇ ಪಾಳಿಯ ಮಾಲಿಗೂ ನಾನೇ ಕಪ್ಪು ಪೆನ್ನಿನಲ್ಲಿ ಸಹಿ ಹಾಕತೊಡಗಿದೆ. ಕನ್ನಡಕ ಹಾಕಿ, ನಿಯಮದ ಪ್ರಕಾರ ಎಣಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಲಾರಿ ಹನ್ನೊಂದರವರೆಗೆ ನಿಂತಿತು. ಡ್ರೈವರ್ ಬಂದು ಪ್ರಕಾಶ್ ಸಾರ್ ಆರೋಗ್ಯ ಹೇಗಿದೆ ಎಂದು ವಿಚಾರಿಸಿದ. ರುದ್ರಮುನಿ ಸಾರ್ ದಿನಾ ಬೆಳಿಗ್ಗೆ, ಪ್ರಕಾಶ ಯಾವಾಗ ಬರ್ತಾರಮ್ಮ ಎಂದು ಕೇಳುವರು. ಆತ ಇಲ್ಲವೆಂಬುದು ತಮಗೆ ಗೊತ್ತು ಎಂಬ ಲಕ್ಷಣವೇ ಮುಖದಲ್ಲಿ ಇರುತ್ತಿರಲಿಲ್ಲ. ಹನ್ನೊಂದು ದಿನ ತಡೆದೆ. ಹನ್ನೆರಡನೆಯ ದಿನ ಗಿರಾಕಿ ಕಂಪನಿಯಿಂದ ಆಡಿಟ್ ಇದೆ ಎಂದು ಕಾಗದ ಬಂತು, ಪ್ರಕಾಶನ ಕಾಮಾಲೆ ವಾಸಿಯಾಯಿತು.

ಆ ಆ‌ಡಿಟ್ಟಿನಲ್ಲಿ ಒಪ್ಪಿಗೆ ಸಿಕ್ಕರೆ ಮೂರು ವರ್ಷ ಕೆಲಸ. ಸಿಗದಿದ್ದರೆ ಎರಡನೇ ಪಾಳಿ ಮುಚ್ಚಬೇಕು, ಅರ್ಧ ಜನ ಹೆಬ್ಬಗೋಡಿಯೋ ಇನ್ನೆಲ್ಲೋ ಬೇರೆ ಕೆಲಸ ಹುಡುಕಿಕೊಂಡು ಹೋಗಬೇಕು. ಮೊದಲು ಹೋಗುವವರು ಯಲ್ಲಪ್ಪ, ಕಸ್ತೂರವ್ವ. ಇದು ಎಲ್ಲರಿಗೂ ಗೊತ್ತಿತ್ತು.

ಆಡಿಟ್ ದಿನ ನಮ್ಮ ಕಾರ್ಖಾನೆಯೇ ಬೇರೆಯಾಗುತ್ತದೆ. ವರ್ಷವಿಡೀ ಬೀರುವಿನಲ್ಲಿ ಮಲಗಿದ್ದ ಹೆಲ್ಮೆಟ್ಟುಗಳು ತಲೆಗೇರುತ್ತವೆ. ಚಪ್ಪಲಿಗಳು ಮಾಯವಾಗಿ ಬೂಟುಗಳು ಬರುತ್ತವೆ. ಬೆಂಕಿ ನಂದಿಸುವ ಸಿಲಿಂಡರಿನ ಮೇಲೆ ಒಣಹಾಕಿದ್ದ ಟವೆಲ್ ತೆಗೆಯುತ್ತೇವೆ. ರುದ್ರಮುನಿ ಸಾರ್ ಆವತ್ತು ಇಡೀ ದಿನ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ, ನಮ್ಮ ಹತ್ತಿರವೂ. ಕಸ್ತೂರವ್ವ ಎಲ್ಲದಕ್ಕೂ ಹೂಂ ಅನ್ನುತ್ತಾಳೆ.

ಬಂದ ಆಡಿಟರು ಗೋವಿಂದರಾಜು ಎಂಬುವರು. ಐವತ್ತು ದಾಟಿದ, ಸಣ್ಣಗಿನ, ಬಿಸ್ಕತ್ತನ್ನು ಕೂಡ ಅಂಚಿನಿಂದ ಪರೀಕ್ಷಿಸಿ ತಿನ್ನುವ ಮನುಷ್ಯ. ಆರು ವರ್ಷದ ಫೈಲುಗಳನ್ನು ಬೆಳಿಗ್ಗೆಯಿಂದ ತಿರುವಿದರು. ಎರಡೂ ಪಾಳಿಯ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿದಾಗ ನನಗೆ ಕಾದಂಬರಿಯ ಆ ಪುಟ ನೆನಪಾಯಿತು. ಅವರು ತಲೆಯೆತ್ತಿ ಹೇಳಿದ್ದು ಬೇರೆಯೇ. ಮೊದಲನೇ ಪಾಳಿಯಲ್ಲಿ ವಾಪಸ್ ಹೋದ ಲಾಟ್ ಬಹಳ ಇವೆ, ಎರಡನೆಯದರಲ್ಲಿ ಒಂದೂ ಇಲ್ಲ. ಪ್ರಕಾಶ್ ಕಳಿಸಿದ ಮಾಲಿನ ಮೇಲೆ ನಮ್ಮ ಕಡೆಯಿಂದಲೂ ಇವತ್ತಿನವರೆಗೆ ಒಂದೇ ಒಂದು ದೂರು ಬಂದಿಲ್ಲ. ಈ ವರ್ಷ ಕಂಪನಿಯವರು ಒಳ್ಳೆಯ ಇನ್‌ಸ್ಪೆಕ್ಟರಿಗೆ ಒಂದು ಫಲಕ ಕೊಡುತ್ತಾರಂತೆ, ಅದಕ್ಕೆ ಪ್ರಕಾಶರ ಹೆಸರು ಬರೆಯಬೇಕೆಂದಿದ್ದೇನೆ, ಅವರನ್ನು ಕರೆಸಿ ಎಂದರು.

ರುದ್ರಮುನಿ ಸಾರ್ ಇಂಗ್ಲಿಷಿನಲ್ಲಿ, ಅವರು ರಜೆಯ ಮೇಲಿದ್ದಾರೆ ಎಂದರು. ಗೋವಿಂದರಾಜು ಬಿಡಲಿಲ್ಲ, ಹೇಗಿದ್ದಾರೆ ನೋಡಲು, ಎಂಥ ಮನುಷ್ಯ ಎಂದು ಸಿಕ್ಕಸಿಕ್ಕವರನ್ನು ಕೇಳಿದರು. ಕಾದಂಬರಿಯಲ್ಲಿ ಆ ಕುಳ್ಳನನ್ನು ಕಂಡವರು ಯಾರಿಗೂ ಅವನ ಮುಖವನ್ನು ವರ್ಣಿಸಲು ಬರುವುದಿಲ್ಲ. ನಮ್ಮ ಕಾರ್ಖಾನೆಯವರಿಗೆ ಆ ಕಷ್ಟವಿರಲಿಲ್ಲ. ಎತ್ತರದ ಆಳು, ಗಿರಿಜಾ ಮೀಸೆ ಎಂದ ಯಲ್ಲಪ್ಪ. ಮೀಸೆಯಿಲ್ಲ, ತೆಳ್ಳಗೆ ಎಂದರು ರುದ್ರಮುನಿ ಸಾರ್. ಸಣ್ಣಾಳು, ಹೆಂಗಸರ ಹತ್ತಿರ ತಲೆಯೆತ್ತಿ ಮಾತಾಡುವವನಲ್ಲ, ಹೋದ ವರ್ಷ ಮಗಳಿಗೆ ಗಂಡು ಸಿಕ್ಕಿತು ಎಂದಳು ಕಸ್ತೂರವ್ವ. ಮಗಳ ವಿಷಯ ನನಗೂ ಹೊಸದು.

ಗೋವಿಂದರಾಜು ಗೊಂದಲದಿಂದ ನನ್ನ ಕಡೆ ತಿರುಗಿದರು. "ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಸ್ವಲ್ಪ ದಿನ ಪ್ರಕಾಶ್ ಅವ್ರ ಹತ್ರ ಕಲೀಬೇಕು."

ಸತ್ಯ ಹೇಳಬೇಕೆಂಬ ಹಂಬಲದಿಂದ ನಾನು ಬಾಯಿ ತೆರೆದೆ ಎಂದು ಬರೆದುಕೊಳ್ಳಲು ನನಗೂ ಆಸೆಯಿದೆ. ಅದು ಸುಳ್ಳು. ಹೊಟ್ಟೆಕಿಚ್ಚು. ಆರು ವರ್ಷ ನಾನು ಸಾಕಿದ, ನಾನೇ ಏಳು ಅಂಕ ಕೊಟ್ಟ ಆ ಸೋಮಾರಿಯ ಹತ್ತಿರ ನಾನು ಕಲಿಯಬೇಕಂತೆ. ಅವರ ಮುಂದಿದ್ದ ಬಿಳಿ ಹಾಳೆ ಎಳೆದುಕೊಂಡು, ನೀಲಿ ಪೆನ್ನು ತೆಗೆದು, ಪ್ರಕಾಶನ ಸಹಿಯನ್ನು ಮೂರು ಸಲ ಹಾಕಿದೆ. ಕೆಳಗೆ ನನ್ನ ಸಹಿ. "ಇವ್ನು ನಾನೇ ಸಾರ್. ಇವ್ನಿಂದ ಕಲಿಯೋದೇನಿಲ್ಲ" ಎಂದೆ.

ರುದ್ರಮುನಿ ಸಾರ್ ಇಂಗ್ಲಿಷ್ ಮರೆತು, ಶಿವಶಿವಾ ಎಂದು ಕುರ್ಚಿಯಲ್ಲಿ ಕೂತರು. ಗೋವಿಂದರಾಜು ಆ ಹಾಳೆಯನ್ನು ಫೈಲಿನ ಸಹಿಗಳ ಪಕ್ಕ ಇಟ್ಟು ನೋಡಿದರು. ಬೈಯಲಿಲ್ಲ. ದೊಡ್ಡನೆಕ್ಕುಂದಿಯಲ್ಲಿ ನಿಮ್ಮ ಎರಡನೇ ಪಾಳಿಯ ಮಾಲನ್ನು ಇಳಿಸಿಕೊಂಡು ಪರೀಕ್ಷೆ ಮಾಡಿ ಸಹಿ ಹಾಕುವುದು ಸುರೇಶ್ ಅಂತ, ಗೊತ್ತಾ ಎಂದು ಕೇಳಿದರು. ಗೊತ್ತು, ಆರು ವರ್ಷದಿಂದ ರಸೀದಿಯಲ್ಲಿ ಅವರ ಸಹಿ ನೋಡುತ್ತಿದ್ದೇನೆ, ಮುದ್ದಾದ ಸಹಿ ಎಂದೆ.

"ಥ್ಯಾಂಕ್ಸ್" ಎಂದರು ಗೋವಿಂದರಾಜು.

ಯಾಕೆ ಥ್ಯಾಂಕ್ಸ್ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರಲ್ಲಿಯೂ ಅದೇ ನಿಯಮ, ಅವರಲ್ಲಿಯೂ ಮಾಲು ಇಳಿಸಿಕೊಂಡು ನೋಡುವ ಕೆಲಸಕ್ಕೆ ಗೋವಿಂದರಾಜು ಒಬ್ಬರೇ. ಪ್ರಕಾಶನ ಹಾಗೆ ಸುರೇಶನೂ ಹುಟ್ಟಿದ್ದು ಸದ್ಯಕ್ಕೆ ಅಂತಲೇ. ಅವನೂ ಲಾರಿ ಬಂದರೆ ಡಬ್ಬ ತೆರೆಯದೆ ಸಹಿ ಹಾಕುತ್ತಿದ್ದ, ಪ್ರಕಾಶ್ ನೋಡಿರ್ತಾರೆ ಎಂಬ ಧೈರ್ಯದ ಮೇಲೆ. ಅಂದರೆ ಆರು ವರ್ಷ ಎರಡನೇ ಪಾಳಿಯ ಅಷ್ಟೂ ಕ್ಲಾಂಪುಗಳನ್ನು ಈ ತುದಿಯಲ್ಲಿ ಇಲ್ಲದ ಮನುಷ್ಯನೊಬ್ಬ ಕಳಿಸಿ, ಆ ತುದಿಯಲ್ಲಿ ಇಲ್ಲದ ಇನ್ನೊಬ್ಬ ಇಳಿಸಿಕೊಂಡಿದ್ದ. ಇಬ್ಬರ ನಡುವೆ ಒಂದು ದಿನವೂ ಮನಸ್ತಾಪವಿರಲಿಲ್ಲ. ನನಗೆ ನಗು ಬಂತು, ನಕ್ಕೆ ಕೂಡ, ಆಮೇಲೆ ಮಗಳ ಸ್ಕೂಲ್ ಬಸ್ಸಿನ ಸೀಟು ನೆನಪಾಗಿ ನಗು ನಿಂತಿತು. ಗೋವಿಂದರಾಜು ಅವರಿಗೂ ಅಂಥದ್ದೇ ಏನೋ ನೆನಪಾಗಿರಬೇಕು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನಿನ್ನೆ ಮಾಲು ಇದೆಯಾ? ಡಬ್ಬ ಬಿಚ್ಚಿ ಮೇಡಂ. ಕೆಟ್ಟದ್ದು ಸಿಕ್ಕಿದ್ರೆ ನಿಮ್ಮ ಒಪ್ಪಿಗೆ ಹೋಯ್ತು, ನನ್ನ ಕೆಲಸಾನೂ ಹೋಯ್ತು" ಎಂದರು.

ಹಿಂದಿನ ದಿನದ ಎರಡನೇ ಪಾಳಿಯ ಲಾಟ್ ಪ್ಯಾಕಾಗಿ ಬಾಗಿಲಲ್ಲೇ ಇತ್ತು. ಬೆಳಿಗ್ಗೆ ಅದು ಪ್ಯಾಕಿಂಗಿಗೆ ಹೋಗುವ ಮುಂಚೆ, ಆಡಿಟ್ ಗಡಿಬಿಡಿಯಲ್ಲಿ ಪ್ರಕಾಶ ಅದಕ್ಕೆ ಸಹಿ ಹಾಕಿದ್ದ. ಮೇಲಿನ ಸಾಲಿನಲ್ಲೇ ಒಳಮೂಲೆ ಕಪ್ಪಾದ ಎರಡು ಮೂರನ್ನು ನಾನು ಈ ಕಣ್ಣಿನಿಂದ ನೋಡಿದ್ದೆ. ಮೊದಲ ಡಬ್ಬ ನೆಲಕ್ಕೆ ಸುರಿದೆವು. ನಾನೂ ಅವರೂ ನೆಲದ ಮೇಲೆ ಕೂತು, ಒಂದೊಂದು ಪೇಪರ್ ಬಿಚ್ಚಿ, ಒಂದೊಂದು ಕ್ಲಾಂಪನ್ನು ಟಾರ್ಚ್ ಹಾಕಿ ನೋಡಿದೆವು. ಯಲ್ಲಪ್ಪ ತೊಟ್ಟಿಯ ಹತ್ತಿರ ಕೆಲಸ ನಿಲ್ಲಿಸಿ ನಿಂತಿದ್ದ. ಮೊದಲ ಡಬ್ಬದಲ್ಲಿ ಕೆಟ್ಟದ್ದು ಸಿಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಒಂದು ಗಂಟೆಯ ಹೊತ್ತಿಗೆ ಒಂಬತ್ತು ಡಬ್ಬ ಬಿಚ್ಚಿದ್ದೆವು, ಸುತ್ತ ಕ್ಲಾಂಪುಗಳು ಬೆಳ್ಳಗೆ ಹೊಳೆಯುತ್ತಿದ್ದವು, ಒಂದು ಕಪ್ಪು ಮೂಲೆ ಇರಲಿಲ್ಲ. ಗೋವಿಂದರಾಜು ನನ್ನನ್ನು ಅನುಮಾನದಿಂದ ನೋಡಿದರು. ಪ್ರಕಾಶ ನಿಜವಾಗಿಯೂ ಇದ್ದಾನೆ, ಇವಳೇ ಫಲಕದ ಆಸೆಗೆ ಅವನನ್ನು ಇಲ್ಲವಾಗಿಸುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿದ್ದರೂ ಆಶ್ಚರ್ಯವಿಲ್ಲ. ನನಗೇ ಹಾಗೆ ಅನ್ನಿಸತೊಡಗಿತ್ತು.

ಬಿಚ್ಚಿ ಎಸೆದ ಪೇಪರುಗಳನ್ನು ಆರಿಸಿಕೊಳ್ಳುತ್ತಿದ್ದ ಕಸ್ತೂರವ್ವ ಆಗ ಬಾಯಿಬಿಟ್ಟಳು.

"ಅದ್ರಾಗ ಸಿಗಾಂಗಿಲ್ರಿ ಸಾಹೇಬ್ರ. ಸುತ್ತೂಮುಂದ ಕೈಗೆ ಬಂದದ್ದು ಕಣ್ಣಿಗೆ ಬೀಳ್ದಽ ಇರತೈತೇನ್ರಿ? ಕರ್ರಗಿದ್ದವನ್ನ ತಗದು ಯಲ್ಲಪ್ಪಣ್ಣಗ ಕೊಡ್ತೀನ್ರಿ. ಅಂವ ಮತ್ತ ತೊಟ್ಟಿಗಿ ಹಾಕ್ತಾನ."

ಎಷ್ಟು ದಿನದಿಂದ ಎಂದು ಕೇಳಿದೆ. ಬಂದಾಗಿನಿಂದ ಎಂದಳು. ನನಗೆ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಪೇಪರ್ ಆರಿಸತೊಡಗಿದಳು. ಗೋವಿಂದರಾಜು ಎದ್ದು ಮೊಣಕಾಲಿನ ಧೂಳು ಕೊಡವಿ, ಫಾರಂನಲ್ಲಿ ಎರಡನೇ ಪಾಳಿಯ ಇನ್‌ಸ್ಪೆಕ್ಟರ್ ಎಂಬ ಜಾಗದಲ್ಲಿ ಪ್ರಕಾಶನ ಹೆಸರನ್ನು ಹೊಡೆದು ಅವಳ ಪೂರ್ತಿ ಹೆಸರು ಕೇಳಿ ಬರೆದರು. ಒಪ್ಪಿಗೆ ಉಳಿಯಿತು. ಸುರೇಶನ ವಿಷಯವನ್ನು ಅವರು ಅಲ್ಲಿ ಹೋಗಿ ಹೇಳಿದರು ಎಂದು ಆಮೇಲೆ ಕೇಳಿದೆ. ಏನಾಯಿತೋ, ಈಗ ರಸೀದಿಯಲ್ಲಿ ಗೋವಿಂದರಾಜು ಎಂದೇ ಸಹಿ ಬರುತ್ತದೆ, ಅಷ್ಟು ಮುದ್ದಾಗಿಲ್ಲ.

ನಾನು ಅಲ್ಲಿಗೆ ಸುಮ್ಮನಾಗಬೇಕಿತ್ತು. ನಿಮಗೆ ನನ್ನ ಸ್ವಭಾವ ಗೊತ್ತಾಗಿದೆಯಲ್ಲ, ಹತ್ತಕ್ಕೆ ಒಂಬತ್ತು. ಗೋವಿಂದರಾಜು ಇನ್ನೂ ಬಾಗಿಲಲ್ಲಿ, ನೆಲದ ಮೇಲೆ ಕೂರುವಾಗ ಕಳಚಿದ್ದ ಬೂಟು ಹಾಕಿಕೊಳ್ಳುತ್ತಿದ್ದರು, ಅವರ ಕಿವಿಗೂ ಬೀಳಲಿ ಎಂದು ಕಸ್ತೂರವ್ವನನ್ನು ಕೇಳಿದೆ: ಕೆಟ್ಟವು ಹೆಚ್ಚಾಗಿ ಸಿಗುತ್ತಿದ್ದುದು ಪ್ರಕಾಶನ ಲಾಟಿನಲ್ಲೇ ಅಲ್ಲವೇ.

ಅವಳು ಯಲ್ಲಪ್ಪನ ಮುಖ ನೋಡಿದಳು. ಅವನು ತೊಟ್ಟಿಯ ಕಡೆ ತಿರುಗಿಕೊಂಡ.

"ಸಿಟ್ ಮಾಡ್ಕೋಬ್ಯಾಡ್ರಿ ಮೇಡಂ. ನಿಮ್ಮ ಪಾಳ್ಯಾಗಽ ಜಾಸ್ತಿ ಸಿಗ್ತಿದ್ವು. ಎರಡನೇ ಪಾಳ್ಯಾಗ ನೋಡಾವ್ರು ಯಾರೂ ಇಲ್ಲಂತ ನಮಗ ಗೊತ್ತಿತ್ತಲ್ರಿ, ಅದಕ್ಕ ಎಲ್ಲಾರೂ ಜ್ವಾಕಿಯಿಂದ ಮಾಡ್ತಿದ್ವಿ. ಮುಂಜಾನಿ ಪಾಳಿಗಿ ಹೆಂಗೂ ನೀವಿರ್ತೀರಿ, ನೋಡ್ಕೋತೀರಿ ಬಿಡು ಅಂತಿದ್ವಿ."

ಬಾಗಿಲಲ್ಲಿ ಗೋವಿಂದರಾಜು ಬೂಟಿನ ದಾರ ಕಟ್ಟುವುದನ್ನು ನಿಲ್ಲಿಸಿದ್ದರು. ನನಗೆ ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು. ಜೊತೆಗೇ, ಸ್ಕೂಲ್ ಬಸ್ಸನ್ನು ನೆನೆದು, ಅಳು ಬರುವಷ್ಟು ಸಮಾಧಾನವೂ ಆಯಿತು. ಕೆಟ್ಟವನ ಮೇಲೆ ಹಾಕಿ ನಾನು ಹಾಯಾಗಿದ್ದೆ, ಒಳ್ಳೆಯವಳ ಮೇಲೆ ಹಾಕಿ ಅವರೆಲ್ಲ ಹಾಯಾಗಿದ್ದರು, ನಡುವೆ ಒಬ್ಬಳು ಕೂತು ಒಂದೊಂದನ್ನೇ ತಿರುಗಿಸಿ ನೋಡಿ ಪೇಪರ್ ಸುತ್ತುತ್ತಿದ್ದಳು. ಮಾರನೆಯ ಬೆಳಿಗ್ಗೆ ನಾನೇ ನೋಡಿ ಕಪ್ಪು ಪೆನ್ನಿನಲ್ಲಿ ಸಹಿ ಹಾಕಿದ, ನನ್ನ ಪಾಳಿಯ ಮೊದಲ ಲಾಟನ್ನು ಎತ್ತಿಕೊಂಡು ಹೋಗಿ ಕಸ್ತೂರವ್ವನ ಮುಂದೆ ಇಟ್ಟೆ. ಅವಳು ಅದರಲ್ಲಿ ನಾಲ್ಕು ತೆಗೆದಳು.